ತೋಟದ ಜಿಪ್ಸಿಗೆ ಮನೆಯಲ್ಲೇ ವಿನೈಲ್ ರಾಪ್: ಅನುಭವ ಇರುವವರು ದಯವಿಟ್ಟು ಹೇಳಿ

ತೋಟದ_ಜಿಪ್ಸಿ, ಸಕಲೇಶಪುರ (ಅಕ್ಟೋಬರ್ 6)

ಎಲ್ಲರಿಗೂ ನಮಸ್ಕಾರ. ನಮ್ಮದು 1998ರ ಜಿಪ್ಸಿ ಕಿಂಗ್. ಸಾಫ್ಟ್ ಟಾಪ್, ಬಿಳಿ ಬಣ್ಣ, ಕೆಎ-13 ನಂಬರ್. ಅಪ್ಪ ಹೊಸದಾಗಿ ತಗೊಂಡಿದ್ದು. ಕಾಫಿ ಮೂಟೆ, ಗೊಬ್ಬರ, ಕೆಲಸದವರು, ಮಳೆಗಾಲದ ರಾತ್ರಿ ಆಸ್ಪತ್ರೆಗೆ ಹೋಗಬೇಕಾದವರು, ಎಲ್ಲರನ್ನೂ ಹೊತ್ತಿದೆ. ಅಪ್ಪ ಹೋಗಿ ಎರಡು ವರ್ಷವಾಯಿತು. ಈಗ ಗಾಡಿ ನನ್ನ ಕೈಯಲ್ಲಿದೆ.

ಇಂಜಿನ್ ಚೆನ್ನಾಗಿದೆ. ಬಣ್ಣ ಮಾತ್ರ ಮಂಕಾಗಿದೆ, ಎರಡೂ ಬದಿ ಲಂಟಾನ ಮುಳ್ಳಿನ ಗೀರು. ಪೇಂಟರ್ ಹತ್ತಿರ ಕೇಳಿದರೆ ಎಲ್ಲಾ ಕೆರೆದು ಹೊಸದಾಗಿ ಹೊಡೆಯೋಣ ಅಂತಾರೆ. ನನಗೆ ಅದು ಬೇಡ. ಎಡಗಡೆ ಡೋರ್ ಮೇಲೆ ಒಬ್ಬ ಬೋರ್ಡ್ ಬರೆಯುವವರು ಬ್ರಷ್‌ನಲ್ಲಿ ನಮ್ಮ ತೋಟದ ಹೆಸರು ಬರೆದಿದ್ದಾರೆ. ಅಪ್ಪ ಪಕ್ಕದಲ್ಲೇ ನಿಂತು ಬರೆಸಿದ್ದು. ಅದನ್ನು ಕೆರೆಯಲು ಮನಸ್ಸಿಲ್ಲ. ರಾಪ್ ಆದರೆ ಬಣ್ಣದ ಪ್ಲಾಸ್ಟಿಕ್ ಫಿಲ್ಮ್ ಮೇಲೆ ಅಂಟಿಸುವುದು ಅಷ್ಟೇ, ಮುಂದೆ ಯಾವಾಗಲಾದರೂ ಬಿಚ್ಚಬಹುದು, ಕೆಳಗೆ ಕಂಪನಿ ಬಣ್ಣ ಹಾಗೇ ಇರುತ್ತದೆ ಅಲ್ವಾ?

ಹೋದ ವರ್ಷ ಆನ್‌ಲೈನ್‌ನಲ್ಲಿ ‘ಕಾರ್ ರಾಪ್’ ಅಂತ ಒಂದು ಅಗ್ಗದ ರೋಲ್ ತರಿಸಿ ಬಾನೆಟ್‌ಗೆ ಅಂಟಿಸಿದ್ದೆ. ನಾಲ್ಕೇ ತಿಂಗಳಿಗೆ ಅಂಚಿನಲ್ಲಿ ಮೂರು ನಾಲ್ಕು ಮಿಲಿಮೀಟರ್ ಒಳಗೆ ಸರಿಯಿತು. ಬಿಟ್ಟ ಜಾಗದಲ್ಲಿ ಅಂಟಿಗೆ ಧೂಳು ಕೂತು ಕಪ್ಪು ಗೆರೆ. ಉಬ್ಬಿನ ಪಕ್ಕದ ತಗ್ಗಿನಲ್ಲಿ ಮದ್ದಲೆ ಚರ್ಮದ ಹಾಗೆ ಬಿಗಿದು ಮೇಲೆ ನಿಂತಿತು. ತಪ್ಪು ನನ್ನ ಕೈಯದೋ ಫಿಲ್ಮಿನದೋ ತಿಳಿಯಲಿಲ್ಲ. ಈ ಸಲ ಕೇಳಿಯೇ ಶುರು ಮಾಡುತ್ತೇನೆ.

ರೋಲ್‌ಕಟರ್, ಹಾಸನ (ಅಕ್ಟೋಬರ್ 6)

ನಾನು 11 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನಿಮ್ಮ ಕೈಯ ತಪ್ಪು ಸ್ವಲ್ಪ ಇರಬಹುದು, ಆದರೆ ನೀವು ಹೇಳಿದ ಲಕ್ಷಣ ನೋಡಿದರೆ ಅದು ಕ್ಯಾಲೆಂಡರ್ಡ್ ಫಿಲ್ಮ್.

ವಿನೈಲ್ ತಯಾರಿಸುವುದರಲ್ಲಿ ಎರಡು ರೀತಿ. ಕ್ಯಾಲೆಂಡರ್ಡ್ ಅಂದರೆ ಬಿಸಿ ಪ್ಲಾಸ್ಟಿಕ್ಕನ್ನು ರೋಲರ್‌ಗಳ ಮಧ್ಯೆ ಒತ್ತಿ ಎಳೆದು ಹಾಳೆ ಮಾಡುವುದು. ಚಪಾತಿ ಲಟ್ಟಿಸಿದ ಮೇಲೆ ಅದು ಮತ್ತೆ ಕುಗ್ಗುತ್ತದಲ್ಲ, ಅದೇ ಕಥೆ. ಎಳೆದ ನೆನಪು ಫಿಲ್ಮಿನ ಒಳಗೆ ಉಳಿದಿರುತ್ತದೆ. ಬಿಸಿಲು ಬಿದ್ದಾಗ ಹಿಂದಕ್ಕೆ ಸರಿಯುತ್ತದೆ. ಕಾಸ್ಟ್ ಫಿಲ್ಮ್ ಹಾಗಲ್ಲ. ದೋಸೆ ಹಿಟ್ಟಿನ ಹಾಗೆ ದ್ರವವನ್ನು ಹರಡಿ ಒಣಗಿಸಿ ಮಾಡುತ್ತಾರೆ. ಎಳೆತವೇ ಇಲ್ಲ, ಆದ್ದರಿಂದ ಕುಗ್ಗುವುದು ತೀರಾ ಕಡಿಮೆ. ಗಾಡಿಯ ಉಬ್ಬು ತಗ್ಗಿಗೆ ಕಾಸ್ಟ್ ಬಿಟ್ಟು ಬೇರೆ ಹಾಕಬೇಡಿ. 3ಎಂ 2080, ಏವರಿ ಡೆನಿಸನ್ ಸುಪ್ರೀಮ್ ಇವೆಲ್ಲ ಕಾಸ್ಟ್. ಅಂಟು ಸೇರಿ ಸುಮಾರು 90 ಮೈಕ್ರಾನ್ ದಪ್ಪ, ಅಗಲ 1.52 ಮೀಟರ್. ಹಿಂಬದಿ ಅಂಟಿನಲ್ಲಿ ಗಾಳಿ ಹೊರಗೆ ಹೋಗಲು ಸಣ್ಣ ಸಣ್ಣ ಕಾಲುವೆಗಳಿರುತ್ತವೆ, ಹೊಸಬರಿಗೆ ಅದೇ ದೊಡ್ಡ ಸಹಾಯ.

ಜಿಪ್ಸಿ ಕಲಿಯಲು ಒಳ್ಳೇ ಗಾಡಿ. ಡೋರ್, ಮಡ್‌ಗಾರ್ಡ್ ಎಲ್ಲಾ ಹೆಚ್ಚುಕಡಿಮೆ ಸಪಾಟು. ಈಗಿನ ಕಾರಿನ ಬಂಪರ್‌ಗೆ ಹೋಲಿಸಿದರೆ ಕಷ್ಟವೇ ಅಲ್ಲ.

ಆದರೆ ಒಂದು ಮಾತು. ಫಿಲ್ಮ್ ಹಿಡಿಯುವುದು ಬಣ್ಣವನ್ನು. ಆ ಬಣ್ಣ ತಗಡನ್ನು ಹಿಡಿದಿರಬೇಕು. ಹಳೇ ಗಾಡಿಯಲ್ಲಿ ಎಲ್ಲಿ ಪುಟ್ಟಿ ಇದೆ, ಎಲ್ಲಿ ಮತ್ತೆ ಬಣ್ಣ ಹೊಡೆದಿದ್ದಾರೆ ಅಂತ ಮೊದಲು ಪತ್ತೆ ಮಾಡಿ. ಗಟ್ಟಿ ಟೇಪ್ ಅಂಟಿಸಿ, ಉಗುರಿನಿಂದ ಚೆನ್ನಾಗಿ ಉಜ್ಜಿ, ಒಂದೇ ಸಲ ಕಿತ್ತು ನೋಡಿ. ಟೇಪಿಗೆ ಬಣ್ಣ ಬಂದರೆ ಅಲ್ಲಿ ರಾಪ್ ಬೇಡ. ತುಕ್ಕಿನ ಮೇಲಂತೂ ಬೇಡವೇ ಬೇಡ. ಫಿಲ್ಮಿನ ಅಡಿಯಲ್ಲಿ ತುಕ್ಕು ನಿಲ್ಲುವುದಿಲ್ಲ, ಕಣ್ಣಿಗೆ ಕಾಣದೆ ಬೆಳೆಯುತ್ತದೆ.

ಬೆಂಗಳೂರು_ಬೊಲೆರೊ (ಅಕ್ಟೋಬರ್ 7)

ಬ್ರದರ್, ಜಿಪ್ಸಿ ಅಂದರೆ ಮಿಲಿಟರಿ ಹಸಿರು ಮ್ಯಾಟ್ ಹಾಕಿ. ಅದರ ಗತ್ತೇ ಬೇರೆ.

ಹಳೇಜೀಪು, ಮಡಿಕೇರಿ (ಅಕ್ಟೋಬರ್ 7)

ಆ ಬಣ್ಣ ಬೇಡ. ನಾನು ಸೇನೆಯಲ್ಲಿ ಜಿಪ್ಸಿ ಓಡಿಸಿದವನು, ಆ ಬಣ್ಣದ ಮೇಲಿನ ಪ್ರೀತಿ ನನಗೂ ಇದೆ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಫಿಲ್ಮ್ ಅಂಟಿಸಿದ್ದೇನೆ, ಪೇಂಟ್ ಅಲ್ಲ ಅಂತ ರಸ್ತೆಯಲ್ಲಿ ನಿಂತು ವಾದ ಮಾಡುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಬೇರೆ ಬಣ್ಣ ಹಾಕಿದರೂ ಆರ್‌ಸಿಯಲ್ಲಿ ಬಿಳಿ ಅಂತ ಇದೆಯಲ್ಲ, ಅದನ್ನು ತಿದ್ದಿಸಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಓದಿಕೊಳ್ಳಿ. ಮೊದಲು ಆರ್‌ಟಿಒ ಕಚೇರಿಗೆ ಹೋಗಿ, ಆಮೇಲೆ ರೋಲ್ ತರಿಸಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ.

ತೋಟದ_ಜಿಪ್ಸಿ (ಅಕ್ಟೋಬರ್ 8)

ತುಂಬಾ ಥ್ಯಾಂಕ್ಸ್ ಸರ್. ನಿಯಮ ಇದೆ ಅಂತ ಗೊತ್ತೇ ಇರಲಿಲ್ಲ. ಮರಳಿನ ಬಣ್ಣದ ಸ್ಯಾಟಿನ್ (ಅರೆ ಹೊಳಪಿನ ಫಿಲ್ಮ್) ಅಂತ ಮನಸ್ಸು ಮಾಡಿದ್ದೇನೆ. ನಮ್ಮ ರಸ್ತೆಯ ಧೂಳು ಅದರಲ್ಲಿ ಅಷ್ಟಾಗಿ ಎದ್ದು ಕಾಣುವುದಿಲ್ಲ. ನಾಳೆ ಸಕಲೇಶಪುರ ಆರ್‌ಟಿಒ ಕಚೇರಿಯಲ್ಲಿ ಅರ್ಜಿ ವಿಚಾರಿಸುತ್ತೇನೆ.

ಮೂಡಿಗೆರೆ_ಥಾರ್ (ಅಕ್ಟೋಬರ್ 9)

ನಾನು ಎರಡು ವರ್ಷದ ಹಿಂದೆ ನಮ್ಮ ಥಾರ್‌ಗೆ ನಾನೇ ಹಾಕಿದೆ. ಮನೆಯಲ್ಲಿ ಯಾರೂ ನಂಬಿರಲಿಲ್ಲ. ಅಂಟಿಸುವ ವಿಷಯ ಎಲ್ಲರೂ ಹೇಳುತ್ತಾರೆ, ನಾನು ತೊಳೆಯುವ ವಿಷಯ ಹೇಳುತ್ತೇನೆ. ಅಲ್ಲೇ ನಾನು ಸೋತು ಕಲಿತದ್ದು.

ತೋಟದ ಗಾಡಿಗಳಲ್ಲಿ ಒಂದು ಅಭ್ಯಾಸ ಇದೆ. ಹೊಳಪು ಬರಲಿ ಅಂತ ಡೀಸೆಲ್ ಬಟ್ಟೆಯಲ್ಲಿ ಒರೆಸುವುದು. ನಿಮ್ಮಲ್ಲೂ ಮಾಡಿರುತ್ತಾರೆ, ಕೇಳಿ ನೋಡಿ. ಆ ಎಣ್ಣೆ ಡೋರಿನ ಸಂದು, ರಬ್ಬರ್ ಬೀಡಿಂಗ್ ಅಡಿ, ಕೀಲುಗಳ ಹಿಂದೆ ಕೂತಿರುತ್ತದೆ. ಮೇಲೆ ನೋಡಿದರೆ ಗಾಡಿ ಫಳಫಳ. ಫಿಲ್ಮ್ ಅಂಟಿಸಿ ಬಿಸಿ ಮಾಡಿದ ತಕ್ಷಣ ಆ ಎಣ್ಣೆ ಹೊರಗೆ ಬಂದು ಅಂಚು ಬಿಡಿಸುತ್ತದೆ. ಪಾಲಿಶ್‌ನಲ್ಲಿರುವ ಸಿಲಿಕೋನ್ ಕೂಡ ಹಾಗೇ.

ಶಾಂಪೂ ಹಾಕಿ ಎರಡು ಸಲ ತೊಳೆಯಿರಿ. ಆಮೇಲೆ ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಜೇಡಿಯಂಥ ಮುದ್ದೆ) ಉಜ್ಜಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ 70 ಪಾಲು, ನೀರು 30 ಪಾಲು ಸೇರಿಸಿ ಒರೆಸಿ. ಒಂದು ಬಟ್ಟೆಯಲ್ಲಿ ಒದ್ದೆ ಮಾಡಿ, ಒಣಗುವ ಮುಂಚೆ ಇನ್ನೊಂದು ಒಣ ಬಟ್ಟೆಯಲ್ಲಿ ತೆಗೆಯಬೇಕು. ಸುಮ್ನೆ ಒಂದೇ ಬಟ್ಟೆ ಆಡಿಸಿದರೆ ಕೊಳೆ ಜಾಗ ಬದಲಿಸುತ್ತದೆ ಅಷ್ಟೇ. ಆ ದ್ರವಕ್ಕೆ ಬೇಗ ಬೆಂಕಿ ಹತ್ತುತ್ತದೆ. ಪೂರ್ತಿ ಆರುವ ತನಕ ಬಿಸಿ ಗಾಳಿ ಊದುವ ಹೀಟ್ ಗನ್ ಹತ್ತಿರ ತರಬೇಡಿ, ಬಾಟಲಿಯನ್ನು ದೂರ ಇಡಿ.

ಲೈಟ್, ಕನ್ನಡಿ, ಹಿಡಿ, ಸ್ಟೆಪ್ನಿ ಎಲ್ಲಾ ಬಿಚ್ಚಿ. ಸುತ್ತ ಕತ್ತರಿಸುತ್ತೇನೆ ಅನ್ನಬೇಡಿ.

ತೋಟದ_ಜಿಪ್ಸಿ (ಅಕ್ಟೋಬರ್ 20)

ಅಕ್ಕ, ನೀವು ಹೇಳಿದ್ದು ಅಕ್ಷರಶಃ ನಿಜ. ಡೀಸೆಲ್ ಒರೆಸಿದ್ದು ಹೌದು, ವರ್ಷಗಟ್ಟಲೆ. ಡೋರಿನ ಹೊರಗಿನ ಕೀಲುಗಳ ಹಿಂದೆ ಹಲ್ಲುಜ್ಜುವ ಬ್ರಷ್ ಹಾಕಿ ಉಜ್ಜಿದರೆ ಕಾಫಿ ಡಿಕಾಕ್ಷನ್ ಬಣ್ಣದ ನೀರು ಬಂತು. ತೊಳೆಯಲು, ಬಿಚ್ಚಲು ಎರಡು ಪೂರ್ತಿ ದಿನ ಹಿಡಿಯಿತು.

ಆಮೇಲೆ ಟೇಪ್ ಪರೀಕ್ಷೆ. ಬಾನೆಟ್, ಮುಂದಿನ ಮಡ್‌ಗಾರ್ಡ್, ಎರಡೂ ಡೋರ್ ಪಾಸ್. ಬಲಗಡೆ ಹಿಂದಿನ ಪ್ಯಾನೆಲ್‌ನಲ್ಲಿ ಟೇಪ್ ಎಳೆದಾಗ ಬೇರೆಯೇ ಸದ್ದು ಬಂತು, ಒಣ ಎಲೆ ಮುರಿದ ಹಾಗೆ. ಟೇಪಿನ ಜೊತೆ ಅಂಗೈ ಅಗಲ ಬಣ್ಣ ಎದ್ದು ಬಂತು. ಕೆಳಗೆ ಹಳದಿ ಪುಟ್ಟಿ, ಪುಟ್ಟಿಯ ಕೆಳಗೆ ತಗಡು, ತಗಡಿನ ಮೇಲೆ ಆಗಲೇ ಕಂದು ಚುಕ್ಕೆಗಳು. ಯಾವಾಗ ಗುದ್ದಿತ್ತು, ಯಾರು ಸರಿ ಮಾಡಿಸಿದರು ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಅಮ್ಮ ಮಾತ್ರ, ನೀನು ಡ್ರೈವಿಂಗ್ ಕಲಿಯುವಾಗ ಕಣದ ಗೋಡೆಗೆ ತಾಗಿಸಿದ್ದೆಯಲ್ಲ ಅಂದರು. ಅಪ್ಪ ನನಗೆ ಬೈಯದೆ ಸುಮ್ಮನೆ ಸರಿ ಮಾಡಿಸಿದ್ದಾರೆ.

ಆ ಒಂದು ಪ್ಯಾನೆಲ್ ಮಾತ್ರ ತಗಡಿನ ತನಕ ಕೆರೆಸಿ, ತುಕ್ಕು ತೆಗೆಸಿ, ಪ್ರೈಮರ್ ಮೇಲೆ ಬಿಳಿ ಬಣ್ಣ ಹೊಡೆಸುತ್ತಿದ್ದೇನೆ. ಬಣ್ಣ ಒಣಗಿದ ಮಾರನೇ ದಿನ ಫಿಲ್ಮ್ ಹಾಕಬಹುದಾ?

ರೋಲ್‌ಕಟರ್ (ಅಕ್ಟೋಬರ್ 20)

ಬೇಡ. ಮುಟ್ಟಲು ಒಣಗಿರುತ್ತದೆ, ಒಳಗೆ ಥಿನ್ನರ್ ಇನ್ನೂ ಆವಿಯಾಗಿ ಹೊರಗೆ ಬರುತ್ತಿರುತ್ತದೆ. ಫಿಲ್ಮ್ ಮುಚ್ಚಿದರೆ ಆ ಆವಿಗೆ ದಾರಿ ಇಲ್ಲದೆ ಗುಳ್ಳೆ ಏಳುತ್ತದೆ. ಮುಂದೆ ಬಿಚ್ಚುವಾಗ ಬಣ್ಣವೂ ಕಿತ್ತು ಬರುತ್ತದೆ. ಒಂದು ತಿಂಗಳು ಬಿಡಿ, ನಮ್ಮ ಕಡೆ ತೇವ ಜಾಸ್ತಿ, ಇನ್ನೂ ಒಂದು ವಾರ ಸೇರಿಸಿದರೂ ನಷ್ಟವಿಲ್ಲ. ಅಲ್ಲಿಯ ತನಕ ಬಾನೆಟ್ ಶುರು ಮಾಡಿ.

ತೋಟದ_ಜಿಪ್ಸಿ (ನವೆಂಬರ್ 10)

ಬಾನೆಟ್ ದಿನದ ವರದಿ. ಮೊದಲ ಹಾಳೆ ಹಾಳಾಯಿತು. ಯಾಕೆ ಅಂತ ಪೂರ್ತಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಉಪಯೋಗಕ್ಕೆ ಬರಲಿ.

ಬೆಳಿಗ್ಗೆ ಏಳೂವರೆಗೆ ಶುರು ಮಾಡಿದೆವು, ನಾನು ಮತ್ತು ತಮ್ಮ. ಇಬ್ಬನಿ ಇತ್ತು, ಶೆಡ್ಡಿನ ಒಳಗೆ 15 ಡಿಗ್ರಿ. ಫಿಲ್ಮ್ ಒಣ ಅಡಿಕೆ ಹಾಳೆಯ ಹಾಗೆ ಬಿಗಿಯಾಗಿತ್ತು, ಅಂಟು ಕೂರುತ್ತಲೇ ಇಲ್ಲ. ಆತುರಕ್ಕೆ ಹೀಟ್ ಗನ್ ಜಾಸ್ತಿ ಕೊಟ್ಟೆ. ಉಬ್ಬಿನ ಏಣು ಬರುವ ಕಡೆ ಎಳೆದೆ. ಎಳೆದ ಜಾಗದಲ್ಲಿ ಮರಳು ಬಣ್ಣ ಬೆಳ್ಳಗಾಗಿ, ಮೈ ಸಿಪ್ಪೆ ಸುಲಿದ ಕಿತ್ತಳೆಯ ಹಾಗಾಯಿತು. ಒಂದೂಮುಕ್ಕಾಲು ಮೀಟರ್ ಫಿಲ್ಮ್ ಮಡಚಿ ಪಕ್ಕಕ್ಕಿಟ್ಟೆ. ತಮ್ಮ ಏನೂ ಮಾತಾಡಲಿಲ್ಲ.

ಹನ್ನೊಂದು ಗಂಟೆಗೆ ಬಿಸಿಲು ಬಂದ ಮೇಲೆ ಎರಡನೇ ಹಾಳೆ ತೆಗೆದೆವು. ಕೈಗೆ ತೆಗೆದುಕೊಂಡ ತಕ್ಷಣ ವ್ಯತ್ಯಾಸ ಗೊತ್ತಾಯಿತು, ಬಾಳೆ ಎಲೆ ಬಾಡಿಸಿದ ಹಾಗೆ ಮೆತ್ತಗೆ. ಹಿಂಬದಿ ಕಾಗದ ಪೂರ್ತಿ ತೆಗೆದು ನಾಲ್ಕು ಮೂಲೆ ಇಬ್ಬರೂ ಹಿಡಿದು, ಬರೀ ಬಾನೆಟ್ ಮೇಲೆ ತೇಲಿಸಿ ಇಳಿಸಿದೆವು. ಎಳೆಯಲೇ ಇಲ್ಲ. ನಡುವಿನಿಂದ ಹೊರಕ್ಕೆ ಸ್ಕ್ವೀಜಿ (ಫಿಲ್ಮ್ ಒತ್ತಿ ಕೂರಿಸುವ ಪ್ಲಾಸ್ಟಿಕ್ ಪಟ್ಟಿ) ಎಳೆದೆವು. ಪ್ರತಿ ಎಳೆತ ಹಿಂದಿನದರ ಅರ್ಧದ ಮೇಲೆ ಬರಬೇಕು. ಸ್ಕ್ವೀಜಿಯ ಅಂಚಿಗೆ ಬಟ್ಟೆ ಪಟ್ಟಿ ಇಲ್ಲದಿದ್ದರೆ ಸ್ಯಾಟಿನ್ ಮೇಲೆ ಹೊಳಪಿನ ಗೆರೆ ಬೀಳುತ್ತದೆ, ನೋಡಿಕೊಳ್ಳಿ. ಸುಕ್ಕು ಕಂಡರೆ ಒತ್ತಬೇಡಿ. ಎತ್ತಿ, ಸ್ವಲ್ಪ ಬಿಸಿ ತೋರಿಸಿದರೆ ಸುಕ್ಕು ತಾನೇ ಬಿಚ್ಚಿಕೊಂಡು ಹಾಳೆ ನೇರವಾಗುತ್ತದೆ. ಮೊದಲ ಸಲ ಅದನ್ನು ಕಣ್ಣಾರೆ ನೋಡಿದಾಗ ಇಬ್ಬರೂ ಕೆಲಸ ನಿಲ್ಲಿಸಿ ನಿಂತುಬಿಟ್ಟೆವು.

ಉಬ್ಬಿನ ಪಕ್ಕದ ತಗ್ಗು ಒಂದು ಮಾತ್ರ ಅನುಮಾನ ಇದೆ.

ರೋಲ್‌ಕಟರ್ (ನವೆಂಬರ್ 10)

ಎರಡನೇ ಸಲಕ್ಕೆ ಇಷ್ಟು ಬಂದಿದೆ ಅಂದರೆ ಕೈ ಕೂತಿದೆ. ಈ ಫಿಲ್ಮ್‌ಗಳಿಗೆ 16ರಿಂದ 32 ಡಿಗ್ರಿ ಒಳಗೆ ಕೆಲಸ ಮಾಡುವುದು ಸರಿ. ನಿಮ್ಮ ಊರಲ್ಲಿ ಈ ತಿಂಗಳು ಹತ್ತರಿಂದ ನಾಲ್ಕು ಗಂಟೆ ಒಳಗೆ ಮುಗಿಸಿ.

ತಗ್ಗಿನ ವಿಷಯ. ಎರಡು ಏಣಿನ ಮೇಲೆ ಫಿಲ್ಮ್ ಸೇತುವೆ ಹಾಗೆ ನಿಂತು, ಆಮೇಲೆ ಅದನ್ನು ಒಳಗೆ ಎಳೆದು ಒತ್ತಿದರೆ ಬೇಸಿಗೆಯಲ್ಲಿ ಎದ್ದೇ ಏಳುತ್ತದೆ. ಮೊದಲು ತಗ್ಗಿನೊಳಗೆ ಸಡಿಲ ಫಿಲ್ಮ್ ತುಂಬಬೇಕು, ಆಮೇಲೆ ಏಣು, ಕೊನೆಗೆ ಸಪಾಟು ಜಾಗ. ಎಲ್ಲಾ ಮುಗಿದ ಮೇಲೆ ಎಳೆದ ಜಾಗ, ಅಂಚು, ತಗ್ಗು ಇಷ್ಟನ್ನೂ 95 ಡಿಗ್ರಿ ಹತ್ತಿರ ಬಿಸಿ ಮಾಡಿ. ಅದರಿಂದ ಫಿಲ್ಮ್ ಹಳೇ ಆಕಾರ ಮರೆಯುತ್ತದೆ. ಕೈಯಲ್ಲಿ ಮುಟ್ಟಿ ಅಂದಾಜು ಮಾಡಲು ಆಗುವುದಿಲ್ಲ, ಇನ್ಫ್ರಾರೆಡ್ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಈ ಕೊನೆಯ ಬಿಸಿಯನ್ನು ಮನೆಯಲ್ಲಿ ಮಾಡುವವರು ಸುಸ್ತಾಗಿ ಬಿಟ್ಟುಬಿಡುತ್ತಾರೆ. ಆಮೇಲೆ ಫಿಲ್ಮ್ ಸರಿ ಇಲ್ಲ ಅಂತಾರೆ.

ಬ್ಲೇಡ್ ತುದಿ ಹತ್ತಿಪ್ಪತ್ತು ಕಟ್‌ಗೆ ಒಮ್ಮೆ ಮುರಿದು ಹೊಸದು ಮಾಡಿ. ಮೊಂಡ ಬ್ಲೇಡ್ ಇದ್ದರೆ ಕೈ ಒತ್ತುತ್ತದೆ, ಕೈ ಒತ್ತಿದರೆ ಬಣ್ಣ ಕುಯ್ಯುತ್ತದೆ, ಕುಯ್ದ ಗೆರೆಯಲ್ಲೇ ತುಕ್ಕು ಹುಟ್ಟುತ್ತದೆ. ಬಾಡಿ ಮೇಲೆ ಕತ್ತರಿಸಲೇಬೇಕಾದ ಕಡೆ ನೈಫ್‌ಲೆಸ್ ಟೇಪ್ ಬಳಸಿ. ಮೊದಲು ಟೇಪ್ ಅಂಟಿಸಿ, ಮೇಲೆ ಫಿಲ್ಮ್ ಹಾಕಿ, ಟೇಪಿನೊಳಗಿನ ದಾರ ಎಳೆದರೆ ಫಿಲ್ಮ್ ಮಾತ್ರ ಸೀಳುತ್ತದೆ.

ಮರಳುಗಾಡು_ಕನ್ನಡಿಗ, ಮಸ್ಕತ್ (ನವೆಂಬರ್ 14)

ಊರಿನ ಕಡೆಯ ಕೆಲಸ ನೋಡಿ ಖುಷಿಯಾಯಿತು. ಇಲ್ಲಿಯ ಬಿಸಿಲಿನಲ್ಲಿ ನಮ್ಮ ಗಾಡಿಯ ಬಾನೆಟ್ ಫಿಲ್ಮ್ ಡೋರ್‌ಗಳಿಗಿಂತ ಮೊದಲೇ ಮುದಿಯಾಯಿತು. ಆಕಾಶ ನೋಡುವ ಭಾಗಕ್ಕೆ ಬಿಸಿಲು ನೇರ ಬೀಳುತ್ತದೆ, ಕಂಪನಿಗಳೂ ಆ ಭಾಗಕ್ಕೆ ವಾರಂಟಿ ಕಡಿಮೆಯೇ ಕೊಡುತ್ತವೆ. ಬಾನೆಟ್‌ನಲ್ಲಿ ಬಣ್ಣ ಮಂಕಾಗಿ ಸಣ್ಣ ಬಿರುಕು ಕಾಣುವ ಮುಂಚೆಯೇ ಬಿಚ್ಚಿಬಿಡಿ. ನಾನು ಇನ್ನೊಂದು ವರ್ಷ ನೋಡೋಣ ಅಂತ ಬಿಟ್ಟು, ಆಮೇಲೆ ಉಗುರಗಲದ ಚೂರು ಚೂರಾಗಿ ಕಿತ್ತೆ. ಬೆರಳ ತುದಿ ವಾರ ಪೂರ್ತಿ ನೋಯುತ್ತಿತ್ತು.

ತೋಟದ_ಜಿಪ್ಸಿ (ಡಿಸೆಂಬರ್ 8)

ಗಾಡಿ ರಸ್ತೆಗೆ ಇಳಿಯಿತು. ಬಾನೆಟ್‌ಗೆ ಕೊನೆಯ ಬಿಸಿ ಕೊಟ್ಟು ಮೂರು ವಾರವಾಯಿತು, ತಗ್ಗು ಕದಲಿಲ್ಲ. ಜಿಪ್ಸಿಯ ಉದ್ದ 4.01 ಮೀಟರ್, ಅಗಲ 1.54. ಮೇಲ್ಭಾಗ ಕ್ಯಾನ್ವಾಸ್ ಆದ್ದರಿಂದ ಅಲ್ಲಿ ಫಿಲ್ಮ್ ಬೇಕಿಲ್ಲ. ಹಾಳಾದದ್ದೂ ಸೇರಿ 14 ಮೀಟರ್ ಹಿಡಿಯಿತು. ಉಪಕರಣ ಎಲ್ಲಾ ಲೆಕ್ಕ ಹಾಕಿದರೆ ಸುಮಾರು 40 ಸಾವಿರ. ಬಣ್ಣದ ಅರ್ಜಿಯೂ ಆಯಿತು, ಆರ್‌ಸಿಯಲ್ಲಿ ತಿದ್ದಾಗಿ ಬಂದಿದೆ.

ಜೋಡಣೆ ಬರುವ ಕಡೆ ಹಂಚು ಹೊದಿಸಿದ ಹಾಗೆ ಮಾಡಿದೆವು. ಮೇಲಿನ ಹಾಳೆ ಕೆಳಗಿನದರ ಮೇಲೆ ಕೂರಬೇಕು, ಮುಂದಿನದು ಹಿಂದಿನದರ ಮೇಲೆ. ಆಗ ನೀರೂ ಗಾಳಿಯೂ ಜಾರಿಹೋಗುತ್ತದೆ. ನಮ್ಮ ಮಳೆಗೆ ಇಷ್ಟು ಬುದ್ಧಿ ಬೇಕು.

ಈಗ ಎಡಗಡೆ ಡೋರ್. ಅಕ್ಷರಗಳ ಮೇಲೆ ಫಿಲ್ಮ್ ಹಾಕಿ ಮುಚ್ಚಿಡೋಣ, ಕೆಳಗೆ ಭದ್ರವಾಗಿರುತ್ತದೆ ಅಂದುಕೊಂಡಿದ್ದೆ. ಆದರೆ ಬ್ರಷ್ ಎನಾಮೆಲ್ ಆ ಅಂಟಿಗೆ ತಡೆಯುತ್ತದೋ ಇಲ್ಲವೋ ಅಂತ ಮನಸ್ಸು ಒಪ್ಪಲಿಲ್ಲ. ಪರೀಕ್ಷೆ ಮಾಡಲು ಟೇಪ್ ಹಚ್ಚುವುದಕ್ಕೂ ಕೈ ಬರಲಿಲ್ಲ. ಕೊನೆಗೆ ಅಕ್ಷರಗಳ ಸುತ್ತ ಎರಡು ಬೆರಳು ಜಾಗ ಬಿಟ್ಟು ಮೂಲೆ ದುಂಡಗೆ ಬರುವ ಹಾಗೆ ನೈಫ್‌ಲೆಸ್ ಟೇಪ್ ಹಾಕಿದೆ. ಬರವಣಿಗೆಯ ಮೇಲೆ ಬೆಣ್ಣೆ ಕಾಗದ ಹರಡಿ ಕಾಪಾಡಿಕೊಂಡು ಫಿಲ್ಮ್ ಇಳಿಸಿದೆವು. ದಾರ ಎಳೆದೆ. ನಡುವಿನ ತುಂಡು ಕಾಗದದ ಸಮೇತ ಎದ್ದು ಬಂತು.

ಈಗ ಮರಳು ಬಣ್ಣದ ಡೋರಿನ ನಡುವೆ ಹಳೇ ಬಿಳಿಯ ಕಿಟಕಿ, ಅದರಲ್ಲಿ ನೀಲಿ ಅಕ್ಷರ. ಮೊದಲ ಅಕ್ಷರದ ದೀರ್ಘ ಸ್ವಲ್ಪ ಕೆಳಗೆ ಜಾರಿದೆ. ಇಷ್ಟು ವರ್ಷ ನಾನು ಗಮನಿಸಿರಲಿಲ್ಲ. ಅಮ್ಮ ಹೊರಗೆ ಬಂದು ನೋಡಿ, ಒರೆಸಲು ಸೆರಗು ತೆಗೆದರು. ಬೇಡ ಅಮ್ಮ, ಎರಡು ದಿನ ಅಂಚು ಮುಟ್ಟಬಾರದು ಅಂದೆ.

ಹಳೇಜೀಪು (ಡಿಸೆಂಬರ್ 8)

ಆ ಕಿಟಕಿ ಒಳ್ಳೇ ಯೋಚನೆ. ಫೋಟೋ ನೋಡಿದೆ. ಬಹಳ ಚಂದ ಇದೆ.

ಬೆಂಗಳೂರು_ಬೊಲೆರೊ (ಮರುವರ್ಷ, ಅಕ್ಟೋಬರ್ 2)

ಬ್ರದರ್, ಒಂದು ಮಳೆಗಾಲ ಕಳೆಯಿತಲ್ಲ, ಈಗ ಹೇಗಿದೆ? ನನ್ನದಕ್ಕೂ ಮಾಡಬೇಕು ಅಂತಿದ್ದೇನೆ.

ತೋಟದ_ಜಿಪ್ಸಿ (ಅಕ್ಟೋಬರ್ 4)

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಬಾನೆಟ್, ಡೋರ್, ಎಡಗಡೆ ಪೂರ್ತಿ ಹಾಕಿದ ದಿನದಂತೆ ಇದೆ. ಹೊಸ ಬಣ್ಣ ಹೊಡೆಸಿದ ಬಲಗಡೆ ಪ್ಯಾನೆಲ್‌ಗೆ ಐದು ವಾರ ಕಾದು ಹಾಕಿದ್ದೆ, ಒಂದು ಗುಳ್ಳೆ ಕೂಡ ಇಲ್ಲ. ಲಂಟಾನ ಗೀರು ಫಿಲ್ಮಿನ ಮೇಲೆ ಬಿದ್ದಿದೆ. ಸಣ್ಣವು ಬಿಸಿ ನೀರು ಸುರಿದಾಗ ಮಾಸಿದವು, ಆಳದ್ದು ಉಳಿದಿವೆ. ಆದರೆ ಬಣ್ಣಕ್ಕೆ ಮುಟ್ಟಿಲ್ಲ.

ಕೆಟ್ಟದ್ದು ಒಂದೇ ಕಡೆ. ಜುಲೈನಲ್ಲಿ ಹಿಂದಿನ ಚಕ್ರದ ಕಮಾನಿನ ಕೆಸರು ತೆಗೆಯಲು ಪ್ರೆಶರ್ ವಾಷರ್‌ನ ಮೂತಿಯನ್ನು ಅಂಚಿಗೇ ಹಿಡಿದೆ. ಒಂದು ಗೇಣು ಫಿಲ್ಮ್ ಎದ್ದುಬಿಟ್ಟಿತು. ಒಳಗೆ ಕೆಸರು ಹೋದ ಮೇಲೆ ಮತ್ತೆ ಅಂಟುವುದಿಲ್ಲ. ಆ ಭಾಗ ಕತ್ತರಿಸಿ, ಒರೆಸಿ, ಉಳಿದ ಫಿಲ್ಮಿನಲ್ಲಿ ತೇಪೆ ಹಾಕಿದೆ. ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ಕಮಾನಿನ ಒಳ ಅಂಚಿಗೆ ಮೊದಲೇ 3ಎಂ ಪ್ರೈಮರ್ 94 (ಫಿಲ್ಮಿನ ಅಂಟು ಗಟ್ಟಿಯಾಗಿ ಹಿಡಿಯಲು ಹಚ್ಚುವ ದ್ರವ) ತೆಳ್ಳಗೆ ಹಚ್ಚಿದ್ದರೆ ಇನ್ನಷ್ಟು ಹಿಡಿಯುತ್ತಿತ್ತೋ ಏನೋ. ಆದರೆ ಪ್ರೈಮರ್ ಹಚ್ಚಿದ ಕಡೆ ಬಿಚ್ಚುವಾಗ ಕಷ್ಟ, ಅಂಟು ಬಣ್ಣಕ್ಕೇ ಉಳಿಯುತ್ತದೆ. ಅಪ್ಪನ ಕಾಲದ ಬಣ್ಣ ಉಳಿಸಬೇಕು ಅಂತಲೇ ಶುರು ಮಾಡಿದ್ದು, ಹಾಗಾಗಿ ಹಚ್ಚಲಿಲ್ಲ. ಈಗ ದೂರದಿಂದ, ಪೈಪಿನ ನೀರಿನಲ್ಲೇ ತೊಳೆಯುತ್ತೇನೆ. ವ್ಯಾಕ್ಸ್ ಹಾಕುವುದಿಲ್ಲ, ಸ್ಯಾಟಿನ್ ಮೇಲೆ ಕಲೆ ಕಲೆಯಾಗಿ ಹೊಳೆಯುತ್ತದೆ.

ನಿಮ್ಮ ಬೊಲೆರೊಗೆ ಮೊದಲು ಟೇಪ್ ಪರೀಕ್ಷೆ ಮಾಡಿ, ಆಮೇಲೆ ಉಳಿದ ಮಾತು. ಕಪ್ಪು ಒರಟು ಪ್ಲಾಸ್ಟಿಕ್ ಕ್ಲಾಡಿಂಗ್ ಮೇಲೆ ಹಾಕಲು ಹೋಗಬೇಡಿ, ಹಿಡಿಯುವುದಿಲ್ಲ.

ಮೂಡಿಗೆರೆ_ಥಾರ್ (ಅಕ್ಟೋಬರ್ 4)

ಫೋಟೋದಲ್ಲಿ ಹಿಂದಿನ ಡೋರ್ ಇನ್ನೂ ಬಿಳಿಯೇ ಇದೆಯಲ್ಲ ತಮ್ಮ?

ತೋಟದ_ಜಿಪ್ಸಿ (ಅಕ್ಟೋಬರ್ 5)

ಹೌದು ಅಕ್ಕ. ಸ್ಟೆಪ್ನಿಯ ಹಿಡಿಕೆ ಬೋಲ್ಟ್ ಒಂದು ತುಕ್ಕು ಹಿಡಿದು ಬಿಚ್ಚಲಿಲ್ಲ, ಅಷ್ಟರಲ್ಲಿ ಕೊಯ್ಲು ಶುರುವಾಯಿತು, ಹಾಗೇ ಉಳಿಯಿತು. ಹೋದ ವಾರ ಬೋಲ್ಟ್ ಬಿಚ್ಚಿತು. ಫಿಲ್ಮ್ ಒಂದೂವರೆ ಮೀಟರ್ ಮಿಕ್ಕಿದೆ. ಬೋಲ್ಟ್ ತೂತುಗಳ ಸುತ್ತ ಹೇಗೆ ತಿರುಗಿಸುವುದು ಅಂತ ಧೈರ್ಯ ಸಾಲುತ್ತಿಲ್ಲ.

ಮೂಡಿಗೆರೆ_ಥಾರ್ (ಅಕ್ಟೋಬರ್ 5)

ಥಾರ್ ಸ್ಟೆಪ್ನಿ ಹಿಂದೆ ಇದೇ ಕಷ್ಟ ಪಟ್ಟಿದ್ದೇನೆ. ಭಾನುವಾರ ನಾನೂ ನಮ್ಮವರೂ ಆ ಕಡೆ ಬರುತ್ತಿದ್ದೇವೆ. ನನ್ನ ಹೀಟ್ ಗನ್ ತರುತ್ತೇನೆ, ಬೆಳಿಗ್ಗೆ ಬೇಗ ಕೂತು ಮುಗಿಸೋಣ.

ತೋಟದ_ಜಿಪ್ಸಿ (ಅಕ್ಟೋಬರ್ 5)

ಖಂಡಿತ ಬನ್ನಿ ಅಕ್ಕ, ಅಮ್ಮ ಅಕ್ಕಿ ರೊಟ್ಟಿ ಮಾಡುತ್ತಾರೆ. ತಿಂಡಿ ತಿಂದುಕೊಂಡೇ ಕೂರೋಣ. ಶೆಡ್ಡಿಗೆ ಬಿಸಿಲು ಬರುವುದು ಹತ್ತು ಗಂಟೆ ಮೇಲೆ.